ಪೈಪಿಗಾಗಿ ತೋಡುವ ಕಂದಕ: ಗೆರೆ ಹಾಕುವಲ್ಲಿಂದ ಮಣ್ಣು ಮುಚ್ಚುವವರೆಗೆ

ಬಾವಿ ತೋಡುವಾಗ ಎಲ್ಲರಿಗೂ ಭಯವಿರುತ್ತದೆ. ಐದಾರು ಅಡಿಯ ಪೈಪ್‌ಲೈನ್ ಕಂದಕಕ್ಕೆ ಯಾರೂ ಹೆದರುವುದಿಲ್ಲ. ಒಳಗೆ ನಿಂತವನ ತಲೆ ಹೊರಗೇ ಕಾಣುತ್ತಿರುತ್ತದೆ, ಕೈ ಕೊಟ್ಟರೆ ಎಳೆದುಕೊಳ್ಳಬಹುದು ಎನ್ನಿಸುತ್ತದೆ, ಕೆಲಸವೂ ಹತ್ತು ನಿಮಿಷದ್ದು. ಆದರೆ ಒಂದು ಘನ ಮೀಟರ್ ಮಣ್ಣು ಸುಮಾರು 1.6ರಿಂದ 2 ಟನ್ ತೂಗುತ್ತದೆ, ಅಂದರೆ ಒಂದು ಸಣ್ಣ ಕಾರಿಗಿಂತ ಹೆಚ್ಚು. ಅಷ್ಟು ಮಣ್ಣು ಪಕ್ಕದ ಗೋಡೆಯಿಂದ ಕಳಚಿ ಬೀಳಲು ಒಂದೆರಡು ಕ್ಷಣ ಸಾಕು. ಎದೆಮಟ್ಟ ಹೂತುಹೋದವನ ಮುಖ ಹೊರಗಿದ್ದರೂ ಅವನಿಗೆ ಉಸಿರಾಡಲು ಆಗದೆ ಹೋಗಬಹುದು. ಏಕೆಂದರೆ ಉಸಿರು ಬಿಟ್ಟಾಗಲೆಲ್ಲ ಎದೆ ಕುಗ್ಗಿದ ಜಾಗಕ್ಕೆ ಮಣ್ಣು ಇಳಿದು ಕೂರುತ್ತದೆ, ಮತ್ತೆ ಹಿಗ್ಗಲು ಬಿಡುವುದಿಲ್ಲ.

ಹಾರೆ, ಪಿಕಾಸಿ, ಸಲಿಕೆಗಳಿಂದಲೇ ಅಗೆಯುತ್ತಿದ್ದಾಗ ಅಗೆಯುವವನು ಆಳದ ಜೊತೆಗೇ ಇಳಿಯುತ್ತಿದ್ದ. ಯಾವ ಪದರ ಗಟ್ಟಿ, ಯಾವುದು ಸಡಿಲ, ಎಲ್ಲಿ ನೀರು ಜಿನುಗುತ್ತಿದೆ ಎಂಬುದು ಅವನ ಕೈಗೆ ಗೊತ್ತಾಗುತ್ತಿತ್ತು. ಈಗ ಜೆಸಿಬಿ ತನ್ನ ಬಕೆಟ್ಟಿನ ಅಗಲಕ್ಕೆ, ನೆಟ್ಟಗೆ, ಅರ್ಧ ಗಂಟೆಯಲ್ಲಿ ಹತ್ತಾರು ಅಡಿ ಉದ್ದದ ಸೀಳು ತೆಗೆದುಬಿಡುತ್ತದೆ. ಮನುಷ್ಯ ಇಳಿಯುವುದು ಕಟ್ಟಕಡೆಗೆ, ತಳ ಸಮಮಾಡಲು ಮತ್ತು ಪೈಪು ಜೋಡಿಸಲು. ತಾನು ಅಗೆಯದ, ಮುಟ್ಟಿಯೂ ನೋಡದ ಎರಡು ಮಣ್ಣಿನ ಗೋಡೆಗಳ ನಡುವೆ ಅವನು ಬಗ್ಗಿ ಕೂರುತ್ತಾನೆ. ಆರಡಿಯ ಕಂದಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತವನ ತಲೆಯ ಮೇಲೆ ಇನ್ನೂ ಮೂರು ಅಡಿ ಮಣ್ಣಿರುತ್ತದೆ ಎಂಬುದನ್ನು ಮೇಲೆ ನಿಂತವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆ ಕಟ್ಟಿಸುವವರು, ಮೇಸ್ತ್ರಿಗಳು, ಸಣ್ಣ ಗುತ್ತಿಗೆದಾರರು ಮತ್ತು ಕಾಮಗಾರಿ ನೋಡಿಕೊಳ್ಳುವ ಪಂಚಾಯಿತಿ ಸದಸ್ಯರು ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ನಡೆಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಆಳವನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ

ಕಂದಕ ಎಷ್ಟು ಆಳವಾಗಬೇಕು ಎಂಬುದನ್ನು ಅಗೆಯುತ್ತಾ ತೀರ್ಮಾನಿಸುವುದು ಅಪಾಯದ ಮೊದಲ ಹೆಜ್ಜೆ. ಒತ್ತಡದಲ್ಲಿ ಹರಿಯುವ ಕುಡಿಯುವ ನೀರಿನ ಪೈಪು ನೆಲದ ಏರಿಳಿತವನ್ನು ಅನುಸರಿಸಿ ಹೋಗಬಹುದಾದ್ದರಿಂದ ಅದಕ್ಕೆ ಸಾಮಾನ್ಯವಾಗಿ ಮೂರು ಅಡಿಯ ಆಸುಪಾಸು ಸಾಕಾಗುತ್ತದೆ. ಕೊಳಚೆ ನೀರಿನ ಪೈಪು ಹಾಗಲ್ಲ. ಅದು ಇಳಿಜಾರಿನ ಬಲದಿಂದಲೇ ಹರಿಯಬೇಕು, ಹೀಗಾಗಿ ಉದ್ದ ಬೆಳೆದಂತೆ ಆಳವೂ ಬೆಳೆಯುತ್ತದೆ. 110 ಮಿಲಿಮೀಟರ್ ಪೈಪಿಗೆ 50 ಮೀಟರಿಗೆ 1 ಮೀಟರ್ ಇಳಿಜಾರು ಇಟ್ಟುಕೊಂಡರೆ, ಮನೆಯ ಹತ್ತಿರ 60 ಸೆಂಟಿಮೀಟರ್ ಆಳದಲ್ಲಿ ಹೊರಟ ಸಾಲು ಸಮತಟ್ಟಾದ ನೆಲದಲ್ಲಿ 30 ಮೀಟರ್ ದೂರ ಹೋಗುವಷ್ಟರಲ್ಲಿ 1.2 ಮೀಟರ್ ಆಳ ಮುಟ್ಟುತ್ತದೆ, 60 ಮೀಟರ್ ದೂರದಲ್ಲಿ 1.8 ಮೀಟರ್ ಆಗುತ್ತದೆ. ಒಂದೇ ಕಂದಕದ ಒಂದು ತುದಿಯಲ್ಲಿ ಮಗುವೂ ಇಳಿದು ಹತ್ತಬಹುದು. ಇನ್ನೊಂದು ತುದಿಯಲ್ಲಿ ಆಳು ಮುಳುಗುತ್ತಾನೆ. ಅಪಾಯದ ಗೆರೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಅಗೆಯುವ ಮೊದಲೇ ಗೂಟ ನೆಟ್ಟು ಗುರುತಿಸಬೇಕು.

ಆ ಗೆರೆ ಯಾವುದು ಎಂಬುದಕ್ಕೆ ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮಗಳು ಸ್ಪಷ್ಟವಾದ ಉತ್ತರ ಕೊಡುತ್ತವೆ: 1.5 ಮೀಟರ್, ಅಂದರೆ ಸುಮಾರು ಐದು ಅಡಿ, ಅಥವಾ ಅದಕ್ಕಿಂತ ಆಳವಾದ ಕಂದಕದ ಬದಿಗಳನ್ನು ಇಳಿಜಾರಾಗಿ ಕಡಿದು ಹಿಂದಕ್ಕೆ ಸರಿಸಬೇಕು, ಇಲ್ಲವೇ ಮರದ ಆಸರೆ ಕೊಟ್ಟು ಭದ್ರವಾಗಿ ಹಿಡಿದಿಡಬೇಕು. ಅಗೆತದ ಸುರಕ್ಷತೆಗೆಂದೇ ಐಎಸ್ 3764 ಎಂಬ ಭಾರತೀಯ ಮಾನಕವೂ ಇದೆ. ಮಣ್ಣು ಸಡಿಲವಾಗಿದ್ದರೆ ನಾಲ್ಕು ಅಡಿಯಲ್ಲೂ ಕುಸಿತವಾಗಬಹುದಾದ್ದರಿಂದ ಐದಡಿಯನ್ನು ಗರಿಷ್ಠ ಮಿತಿ ಎಂದು ತಿಳಿಯಬೇಕೇ ಹೊರತು ಅಲ್ಲಿಯವರೆಗೆ ಯೋಚನೆಯೇ ಬೇಡ ಎಂದಲ್ಲ. ಆಳ ಗೊತ್ತಾದ ಮೇಲೆ ಆಸರೆಯ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಬಾಬತ್ತಾಗಿ ಬರೆಯಿಸಿ. ಅಗೆತದ ದರದಲ್ಲೇ ಎಲ್ಲವೂ ಸೇರಿದೆ ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡ ಕಡೆಗಳಲ್ಲಿ ಹಲಗೆ ಬಂದದ್ದನ್ನು ನಾನು ನೋಡಿಲ್ಲ.

ನೆಲದಡಿ ಏನಿದೆ ಎಂದು ತಿಳಿದುಕೊಳ್ಳಿ

ರಸ್ತೆ ಅಗೆಯಲು ಸ್ಥಳೀಯ ಸಂಸ್ಥೆಯ ಅನುಮತಿ ಬೇಕು ಎಂಬುದು ಎಲ್ಲರಿಗೂ ಗೊತ್ತು. ಅನುಮತಿ ಸಿಕ್ಕಿತೆಂದರೆ ನೆಲದಡಿ ಏನೂ ಇಲ್ಲ ಎಂದು ಅರ್ಥವಲ್ಲ. ವಿದ್ಯುತ್ ಸರಬರಾಜು ಕಂಪನಿ, ನೀರು ಸರಬರಾಜಿನವರು, ದೂರಸಂಪರ್ಕ ಕಂಪನಿಗಳು, ಊರಿನಲ್ಲಿ ಕೊಳವೆ ಗ್ಯಾಸ್ ಇದ್ದರೆ ಅದರವರು, ಇವರೆಲ್ಲರನ್ನೂ ವಿಚಾರಿಸಬೇಕು. ಅಗೆಯುವವರು ಮುಂಚಿತವಾಗಿ ತಿಳಿಸಿ ಭೂಗತ ಆಸ್ತಿಗಳ ಒಡೆಯರನ್ನು ಎಚ್ಚರಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಹೊರತಂದಿದೆ, ಅದನ್ನು ಬಳಸಿ. ಆದರೂ ನಕ್ಷೆಯಲ್ಲಿ ಕಾಣದ ಕೇಬಲ್ಲುಗಳು ನಮ್ಮ ಬೀದಿಗಳಲ್ಲಿ ಬೇಕಾದಷ್ಟಿವೆ. ಆದ್ದರಿಂದ ಯಂತ್ರ ಇಳಿಸುವ ಮೊದಲು ಸಾಲಿಗೆ ಅಡ್ಡಲಾಗಿ ಅಲ್ಲಲ್ಲಿ ಕೈಯಿಂದ ಸಣ್ಣ ಪರೀಕ್ಷಾ ಗುಂಡಿಗಳನ್ನು ತೆಗೆದು ನೋಡುವುದು ಒಳ್ಳೆಯದು.

ಇಲ್ಲಿ ಕಣ್ಣಿಟ್ಟು ನೋಡಬೇಕಾದ ಒಂದು ಗುರುತಿದೆ. ಸುತ್ತಲೂ ಕೆಂಪು ಮಣ್ಣಿದ್ದು ನಡುವೆ ಇದ್ದಕ್ಕಿದ್ದಂತೆ ಶುದ್ಧ ಮರಳಿನ ಪಟ್ಟಿ, ಅದರ ಮೇಲೆ ಸಾಲಾಗಿ ಜೋಡಿಸಿದ ಇಟ್ಟಿಗೆ ಅಥವಾ ಹಂಚು, ಇಲ್ಲವೇ ಬಣ್ಣದ ಪ್ಲಾಸ್ಟಿಕ್ ಟೇಪು ಕಂಡರೆ, ಅದರಡಿ ಕೇಬಲ್ಲು ಅಥವಾ ಪೈಪು ಇದೆ ಎಂದೇ ತಿಳಿಯಬೇಕು. ಮರಳು ತಾನಾಗಿ ಅಲ್ಲಿಗೆ ಬರುವುದಿಲ್ಲ, ಯಾರೋ ಹಾಸಿದ್ದಾರೆ. ಹಾರೆಯಿಂದ ಇನ್ನೊಂದು ಏಟು ಹಾಕುವ ಮೊದಲು ಕೆಲಸ ನಿಲ್ಲಿಸಿ ಸಂಬಂಧಪಟ್ಟವರನ್ನು ಕರೆಯಿಸಿ.

ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ

ಇಡೀ ಕೆಲಸದ ಹಣೆಬರಹ ಮಣ್ಣಿನ ಮೇಲೆ ನಿಂತಿದೆ, ಮತ್ತು ಕರ್ನಾಟಕದಲ್ಲಿ ಅದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಬೆಂಗಳೂರು, ಕೋಲಾರ, ತುಮಕೂರಿನ ಕಡೆಯ ಕೆಂಪು ಮಣ್ಣು, ಅದರಡಿಯ ಮುರ, ಕಡಿದಾಗ ನೆಟ್ಟಗೆ ನಿಂತು ಭದ್ರವಾಗಿರುವಂತೆ ತೋರುತ್ತದೆ. ಆ ನಿಲುವು ತಾತ್ಕಾಲಿಕ. ಒಳಗಿನ ತೇವ ಮಣ್ಣಿನ ಕಣಗಳನ್ನು ಹಿಡಿದಿಟ್ಟಿರುವವರೆಗೆ ಮಾತ್ರ. ಬಿಸಿಲಿಗೆ ಮುಖ ಒಣಗಿದರೆ ಪುಡಿಯುದುರುತ್ತದೆ, ಮಳೆ ಬಿದ್ದರೆ ಭಾರ ಹೆಚ್ಚಿ ಜಾರುತ್ತದೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಿದ್ದರೂ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಆ ಬಿರುಕಿನ ಗುಂಟ ದೊಡ್ಡ ಹೆಂಟೆಯೇ ಕಳಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಉಬ್ಬಿ, ಕೆಸರಾಗಿ, ಆಸರೆಯನ್ನೇ ಒಳಕ್ಕೆ ನೂಕುತ್ತದೆ. ಕರಾವಳಿಯಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು, ಅದರಡಿ ಬಿಳಿ ಅಥವಾ ಹಳದಿ ಬಣ್ಣದ ಶೇಡಿ ಮಣ್ಣು ಸಿಗುವುದು ಸಾಮಾನ್ಯ. ಶೇಡಿ ಒಣಗಿರುವಾಗ ಗಟ್ಟಿ. ನೀರುಂಡ ಕೂಡಲೇ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಮೇಲಿನ ಮುರಕಲ್ಲನ್ನು ನೋಡಿ ದರೆ ಗಟ್ಟಿಯಾಗಿದೆ ಎಂದು ನಂಬಿದರೆ, ಕೆಳಗಿನ ಶೇಡಿ ಕರಗಿ ಸರಿದಾಗ ಮೇಲಿನ ಕಲ್ಲೂ ಜೊತೆಗೇ ಬರುತ್ತದೆ.

ಇವೆಲ್ಲಕ್ಕಿಂತ ನಾನು ಹೆಚ್ಚು ಹೆದರುವುದು ಒಮ್ಮೆ ಅಗೆದು ತುಂಬಿದ ಮಣ್ಣಿಗೆ. ಮುಚ್ಚಿದ ಕೆರೆಯಂಗಳ, ಕಟ್ಟಡದ ಅವಶೇಷ ತುಂಬಿದ ನಿವೇಶನ, ಹಳೆಯ ಪೈಪಿನ ಪಕ್ಕದಲ್ಲೇ ಹಾಕುವ ಹೊಸ ಪೈಪು, ಇಲ್ಲೆಲ್ಲ ಮಣ್ಣು ಒಂದಕ್ಕೊಂದು ಬೆಸೆದುಕೊಂಡಿರುವುದಿಲ್ಲ. ನಗರದ ರಸ್ತೆ ಬದಿಯ ನೆಲವನ್ನು ಪೂರ್ತಿಯಾಗಿ ತುಂಬಿದ ಮಣ್ಣು ಎಂದೇ ಪರಿಗಣಿಸುವುದು ಕ್ಷೇಮ.

ಪರೀಕ್ಷೆ ಸರಳವಾಗಿದೆ. ಈಗಷ್ಟೇ ತೆಗೆದ ದೊಡ್ಡ ಹೆಂಟೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ. ಬಹಳ ಬಲ ಹಾಕಿದರೆ ಮಾತ್ರ ಗುರುತು ಬೀಳುವುದಾದರೆ ಗಟ್ಟಿ ಮಣ್ಣು. ಬೆರಳು ಸಲೀಸಾಗಿ ಒಳಹೋದರೆ ಸಡಿಲ. ಸ್ವಲ್ಪ ನೀರು ಹಾಕಿ ಕಲಸಿ ಅಂಗೈ ನಡುವೆ ಹೊಸೆದಾಗ 3 ಮಿಲಿಮೀಟರ್ ದಪ್ಪದ, 5 ಸೆಂಟಿಮೀಟರ್ ಉದ್ದದ ಎಳೆ ತುಂಡಾಗದೆ ಬಂದರೆ ಅದರಲ್ಲಿ ಜಿಗುಟಿದೆ. ಬಾರದಿದ್ದರೆ ಮರಳಿನ ಅಂಶ ಹೆಚ್ಚು. ಫಲಿತಾಂಶ ಏನೇ ಬಂದರೂ, ಬಿರುಕಿದ್ದರೆ, ನೀರು ಜಿನುಗುತ್ತಿದ್ದರೆ, ಪಕ್ಕದಲ್ಲಿ ಬಸ್ಸು ಲಾರಿ ಓಡಾಡುತ್ತಿದ್ದರೆ ಮಣ್ಣನ್ನು ಒಂದು ದರ್ಜೆ ಕೆಳಗಿಳಿಸಿಯೇ ಲೆಕ್ಕ ಹಾಕಿ.

ಇಳಿಜಾರು ಕಡಿಯುವುದೋ, ಹಲಗೆ ಕೊಡುವುದೋ

ಜಾಗವಿದ್ದರೆ ಇಳಿಜಾರು ಕಡಿಯುವುದೇ ಅತ್ಯಂತ ನಂಬಿಕಸ್ಥ ವಿಧಾನ, ಏಕೆಂದರೆ ಅದರಲ್ಲಿ ಸಡಿಲಗೊಳ್ಳುವ ಬೆಣೆಯಿಲ್ಲ, ಮುರಿಯುವ ಹಲಗೆಯಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಷಾ ನಿಗದಿ ಮಾಡಿರುವ ಪ್ರಮಾಣ ನೆನಪಿಟ್ಟುಕೊಳ್ಳಲು ಸುಲಭ: ಗಟ್ಟಿ ಜೇಡಿಗೆ ಒಂದು ಅಡಿ ಆಳಕ್ಕೆ ಮುಕ್ಕಾಲು ಅಡಿ ಹಿಂದಕ್ಕೆ, ಮಧ್ಯಮ ಮಣ್ಣಿಗೆ ಒಂದಕ್ಕೊಂದು, ಮರಳು ಅಥವಾ ನೀರು ಜಿನುಗುವ ಮಣ್ಣಿಗೆ ಒಂದಕ್ಕೆ ಒಂದೂವರೆ, ಅದೂ ಎರಡೂ ಬದಿಯಲ್ಲಿ. ಲೆಕ್ಕ ಹಾಕಿದಾಗ ವಿಷಯ ಅರ್ಥವಾಗುತ್ತದೆ. ತಳ 75 ಸೆಂಟಿಮೀಟರ್ ಅಗಲ, ಆಳ 1.8 ಮೀಟರ್ ಇದ್ದರೆ, ಒಂದಕ್ಕೊಂದರ ಇಳಿಜಾರಿನಲ್ಲಿ ಬಾಯಿಯ ಅಗಲ 4.35 ಮೀಟರ್ ಆಗುತ್ತದೆ. ಸಡಿಲ ಮಣ್ಣಾದರೆ 6.15 ಮೀಟರ್. ಹೊಲದಲ್ಲಿ ಇದು ಸಾಧ್ಯ, ಊರಿನ ಓಣಿಯಲ್ಲಿ ಸಾಧ್ಯವಿಲ್ಲ. ಓಣಿಯಲ್ಲಿ ಇಳಿಜಾರಿಗೆ ಜಾಗವಿಲ್ಲ ಎಂಬುದು ನೆಟ್ಟಗೆ ಕಡಿದು ಹಾಗೇ ಬಿಡಲು ಕಾರಣವಾಗಬಾರದು, ಆಸರೆ ಕೊಡಲು ಕಾರಣವಾಗಬೇಕು. ಮೆಟ್ಟಿಲು ಮೆಟ್ಟಿಲಾಗಿ ಕಡಿಯುವ ವಿಧಾನವೂ ಇದೆ, ಆದರೆ ಅದು ಜಿಗುಟು ಮಣ್ಣಿನಲ್ಲಿ ಮಾತ್ರ. ಮರಳಿನಲ್ಲಿ ಮೆಟ್ಟಿಲು ನಿಲ್ಲುವುದಿಲ್ಲ.

ಆಸರೆಗೆ ಮೂರು ಭಾಗಗಳಿವೆ. ಮಣ್ಣಿಗೆ ಒತ್ತಿಕೊಂಡು ನಿಲ್ಲುವ ನೇರ ಹಲಗೆಗಳು. ಆ ಹಲಗೆಗಳನ್ನು ಒಟ್ಟಾಗಿ ಹಿಡಿಯುವ, ಕಂದಕದ ಉದ್ದಕ್ಕೆ ಮಲಗಿಸಿದ ದಪ್ಪ ತೊಲೆಗಳು. ಎದುರುಬದುರಿನ ತೊಲೆಗಳ ನಡುವೆ ಬಿಗಿಯಾಗಿ ಕೂರಿಸುವ ಅಡ್ಡ ಕಂಬಗಳು. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆಯ ಪ್ರಕಾರ ಹಲಗೆ ಕನಿಷ್ಠ 25 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ದಪ್ಪ ಇರಬೇಕು. ತೊಲೆಗಳ ನಡುವಿನ ಅಂತರ 1.2 ಮೀಟರ್ ಮೀರಬಾರದು. ಸಡಿಲ ಮಣ್ಣಿನಲ್ಲಿ ಹಲಗೆಗಳ ನಡುವೆ ಸಂದು ಬಿಡದೆ ಜೋಡಿಸಬೇಕು. ಮಣ್ಣು ಗಟ್ಟಿಯಿದ್ದರೆ ಸಂದು ಬಿಡಬಹುದು, ಆದರೆ ಆಸರೆಯಿಲ್ಲದ ಪಟ್ಟಿ ಸರಾಸರಿ 50 ಸೆಂಟಿಮೀಟರಿಗಿಂತ ಅಗಲವಾಗಬಾರದು. ಅಡ್ಡ ಕಂಬಕ್ಕೆ ಸರ್ವೆ ಅಥವಾ ನೀಲಗಿರಿಯ ಗಟ್ಟಿ ದುಂಡು ಮರ ನಡೆಯುತ್ತದೆ. ಸೆಂಟ್ರಿಂಗಿನವರ ಬಳಿ ಸಿಗುವ ತಿರುಪಿನ ಜಾಕಿ ಇನ್ನೂ ಅನುಕೂಲ, ಬಿಗಿ ಕಡಿಮೆಯಾದಾಗ ತಿರುಗಿಸಿ ಸರಿಮಾಡಬಹುದು. ಆದರೆ ಜಾಕಿಯನ್ನು ಅಡ್ಡಲಾಗಿ ಕೂರಿಸುವಾಗ ಎರಡೂ ತುದಿ ಜಾರದಂತೆ ತೊಲೆಗೆ ಮೊಳೆ ಹೊಡೆದು ನಿಲ್ಲಿಸಬೇಕು. ಜಿಂಕ್ ತಗಡು ಅಥವಾ ಪ್ಲೈವುಡ್ ಚೂರನ್ನು ಒರಗಿಸಿಡುವುದು ಆಸರೆಯಲ್ಲ. ಅದು ಮಣ್ಣನ್ನು ತಡೆಯುವುದಿಲ್ಲ, ಬಿರುಕನ್ನು ಮಾತ್ರ ಮರೆಮಾಡುತ್ತದೆ. ಅದು ಇಲ್ಲದಿರುವುದೇ ಮೇಲು.

ಜೋಡಿಸುವ ಕ್ರಮ ಮೇಲಿನಿಂದ ಕೆಳಕ್ಕೆ. ಹಲಗೆಗಳನ್ನು ಹೊರಗೆ ನಿಂತೇ ಇಳಿಬಿಟ್ಟು, ಮೊದಲ ಸಾಲಿನ ಅಡ್ಡ ಕಂಬಗಳನ್ನು ಮೇಲಿನಿಂದಲೇ ಬಿಗಿಗೊಳಿಸಿ, ಆಮೇಲೆ ಅದರ ರಕ್ಷಣೆಯೊಳಗೆ ಇಳಿದು ಎರಡನೆಯ ಸಾಲು ಕೊಡಬೇಕು. ಆಸರೆ ಕಟ್ಟಲೆಂದು ಆಸರೆಯಿಲ್ಲದ ಕಂದಕಕ್ಕೆ ಇಳಿಯುವುದು ಪ್ರತಿದಿನ ನಡೆಯುವ ತಪ್ಪು. ದೊಡ್ಡ ಕಾಮಗಾರಿಗಳಲ್ಲಿ ಉಕ್ಕಿನ ಪೆಟ್ಟಿಗೆಯನ್ನೇ ಇಳಿಸಿ ಅದರೊಳಗೆ ಕೆಲಸ ಮಾಡಿಸುತ್ತಾರೆ. ಅಲ್ಲಿಯೂ ಪೆಟ್ಟಿಗೆಯ ಹೊರಗೆ ಒಂದು ಹೆಜ್ಜೆ ಇಟ್ಟವನಿಗೆ ರಕ್ಷಣೆಯಿಲ್ಲ.

ತೋಡುವ ದಿನ

ಒಂದು ದಿನದಲ್ಲಿ ಪೈಪು ಹಾಕಿ ಮುಚ್ಚಬಹುದಾದಷ್ಟು ಉದ್ದವನ್ನು ಮಾತ್ರ ಆ ದಿನ ತೆರೆಯಿರಿ. ಜೆಸಿಬಿ ಬಾಡಿಗೆ ಗಂಟೆಯ ಲೆಕ್ಕವಾದ್ದರಿಂದ ಇಡೀ ಬೀದಿಯನ್ನು ಒಮ್ಮೆಗೇ ಸೀಳಿಸಿಬಿಡುವ ಆಸೆ ಹುಟ್ಟುತ್ತದೆ. ತೆರೆದಿಟ್ಟ ಕಂದಕ ರಾತ್ರಿ ಕಳೆದಷ್ಟೂ ದುರ್ಬಲವಾಗುತ್ತದೆ ಎಂಬುದನ್ನು ಆ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

75 ಸೆಂಟಿಮೀಟರ್ ಅಗಲ, 1.8 ಮೀಟರ್ ಆಳಕ್ಕೆ ನೆಟ್ಟಗೆ ಕಡಿದ ಕಂದಕದಲ್ಲಿ ಒಂದು ಮೀಟರ್ ಉದ್ದಕ್ಕೆ 1.35 ಘನ ಮೀಟರ್, ಅಂದರೆ ಎರಡು ಟನ್ನಿಗೂ ಹೆಚ್ಚು ಮಣ್ಣು ಹೊರಬರುತ್ತದೆ. ಅದನ್ನು ಅಂಚಿನಲ್ಲೇ ರಾಶಿ ಹಾಕಿದರೆ ಆ ಭಾರವೇ ದರೆಯನ್ನು ಒಳಕ್ಕೆ ತಳ್ಳುತ್ತದೆ. ತೆಗೆದ ಮಣ್ಣು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧದಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರವಿರಬೇಕು ಎಂಬುದು ನಿಯಮ. ಓಣಿ ಕಿರಿದಾಗಿದ್ದರೆ ಟ್ರ್ಯಾಕ್ಟರಿಗೆ ತುಂಬಿ ಬೇರೆಡೆ ಸುರಿಸಿ. ಪೈಪು, ಸಿಮೆಂಟ್ ಉಂಗುರ, ಜಲ್ಲಿ ಮತ್ತು ಜೆಸಿಬಿಯ ಚಕ್ರಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಯಂತ್ರ ಅಗೆಯುತ್ತಿರುವಾಗ ಅದರ ಕೈ ಎಟುಕುವಷ್ಟು ದೂರದಲ್ಲಿ ಕಂದಕದೊಳಗೆ ಯಾರೂ ಇರಕೂಡದು. ಕೈಯಿಂದ ಅಗೆಯುವಾಗ ಮೇಲಿನಿಂದ ಕೆಳಕ್ಕೇ ಅಗೆಯಬೇಕು. ಬುಡ ಕೊರೆದು ಮೇಲಿನ ಮಣ್ಣು ತಾನೇ ಬೀಳಲಿ ಎಂದು ಬಿಡುವುದನ್ನು ನಿಯಮ ಸಂಪೂರ್ಣವಾಗಿ ನಿಷೇಧಿಸುತ್ತದೆ.

ಪಕ್ಕದಲ್ಲಿ ಕಾಂಪೌಂಡ್ ಗೋಡೆಯಿದ್ದರೆ ಅದರ ಪಾಯ ಎಷ್ಟು ಆಳವಿದೆ ಎಂದು ಮೊದಲು ನೋಡಿ. ಸೈಜುಗಲ್ಲಿನ ಎಷ್ಟೋ ಗೋಡೆಗಳ ಪಾಯ ಎರಡಡಿಯೂ ಇರುವುದಿಲ್ಲ. ಪಾಯದ ತಳದಿಂದ 45 ಡಿಗ್ರಿಯಲ್ಲಿ ಇಳಿಯುವ ಗೆರೆಯನ್ನು ಕಲ್ಪಿಸಿಕೊಂಡು, ನಿಮ್ಮ ಕಂದಕ ಆ ಗೆರೆಯನ್ನು ಕತ್ತರಿಸುತ್ತಿದ್ದರೆ ಎಂಜಿನಿಯರ್ ಒಬ್ಬರನ್ನು ಕರೆಸದೆ ಮುಂದುವರಿಯಬೇಡಿ.

ಕಂದಕ 1.5 ಮೀಟರ್ ಮುಟ್ಟಿದ ಮೇಲೆ ಏಣಿ ಕಡ್ಡಾಯ. ಪ್ರತಿ 30 ಮೀಟರಿಗೆ ಕನಿಷ್ಠ ಒಂದು ಎನ್ನುತ್ತದೆ ನಮ್ಮ ನಿಯಮ. ಕೆಲಸಗಾರನಿಂದ ಏಳೂವರೆ ಮೀಟರಿನೊಳಗೆ ಇರಬೇಕು ಎನ್ನುತ್ತದೆ ಓಷಾ. ಎರಡನೆಯದೇ ಹೆಚ್ಚು ವಿವೇಕದ್ದು ಎಂದು ನನ್ನ ಭಾವನೆ, ಏಕೆಂದರೆ ಮಣ್ಣು ಸರಿಯುವ ಸದ್ದು ಕೇಳಿದವನಿಗೆ ಹದಿನೈದು ಮೀಟರ್ ಓಡುವ ಸಮಯ ಸಿಗುವುದಿಲ್ಲ. ಏಣಿಯ ತುದಿ ನೆಲಮಟ್ಟದಿಂದ ಸುಮಾರು ಒಂದು ಮೀಟರ್ ಮೇಲೆ ಚಾಚಿರಲಿ, ಹಿಡಿದು ಹೊರಬರಲು. ಆಸರೆಯ ಅಡ್ಡ ಕಂಬಗಳನ್ನು ಮೆಟ್ಟಿಲಾಗಿ ಬಳಸಲು ಯಾರಿಗೂ ಬಿಡಬೇಡಿ.

ಪ್ರತಿದಿನ ಬೆಳಿಗ್ಗೆ, ಊಟದ ಬಿಡುವಿನ ನಂತರ, ಮಳೆ ನಿಂತ ಕೂಡಲೇ, ಜವಾಬ್ದಾರಿ ಹೊತ್ತ ಒಬ್ಬರು ಕಂದಕದ ಅಂಚಿನ ಗುಂಟ ನಡೆದು ನೋಡಬೇಕು. ನೋಡಬೇಕಾದ್ದು ಅಂಚನ್ನಷ್ಟೇ ಅಲ್ಲ, ಅದರ ಹಿಂದಿನ ನೆಲವನ್ನು. ಆರಡಿ ಆಳದ ಕಂದಕವಾದರೆ ಅಂಚಿನಿಂದ ಮೂರರಿಂದ ನಾಲ್ಕೂವರೆ ಅಡಿ ಹಿಂದೆ, ಕಂದಕಕ್ಕೆ ಸಮಾನಾಂತರವಾಗಿ, ಎಳೆಯಷ್ಟು ಸಣ್ಣ ಬಿರುಕು ಕಾಣಿಸಿಕೊಳ್ಳುತ್ತದೆ. ಧೂಳು ಮುಚ್ಚಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಕಡ್ಡಿ ಪೊರಕೆಯಿಂದ ಒಮ್ಮೆ ಗುಡಿಸಿ ನೋಡಿದರೆ ತಿಳಿಯುತ್ತದೆ. ಆ ಬಿರುಕಿನಿಂದ ಕಂದಕದವರೆಗಿನ ಅಷ್ಟೂ ಮಣ್ಣು ಹೊರಡಲು ಸಿದ್ಧವಾಗಿದೆ ಎಂದರ್ಥ. ಗೋಡೆಯಿಂದ ಸಣ್ಣ ಹರಳುಗಳು ಉದುರುತ್ತಿರುವುದು, ಗೋಡೆಯ ಹೊಟ್ಟೆ ಉಬ್ಬಿರುವುದು, ಬಿಗಿಯಾಗಿದ್ದ ಅಡ್ಡ ಕಂಬ ಸಡಿಲವಾಗಿರುವುದು ಅಥವಾ ಕಿರುಗುಡುವುದು, ಇವೂ ಎಲ್ಲರನ್ನೂ ತಕ್ಷಣ ಮೇಲೆ ಕರೆಯಬೇಕಾದ ಸೂಚನೆಗಳೇ.

ತಳದಲ್ಲಿ ನೀರು ನಿಂತಿದ್ದರೆ ತಗ್ಗಿನ ತುದಿಯಲ್ಲಿ ಸಣ್ಣ ಗುಂಡಿ ಮಾಡಿ ಅಲ್ಲಿಂದ ಪಂಪಿನಿಂದ ಎತ್ತಿ. ಡೀಸೆಲ್ ಪಂಪನ್ನು ಕಂದಕದೊಳಗೆ ಇಳಿಸಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದ ವಿಷ. ಹೊಸ ಸಾಲನ್ನು ಬಳಕೆಯಲ್ಲಿರುವ ಮ್ಯಾನ್‌ಹೋಲಿಗೆ ಜೋಡಿಸುವ ಹಂತ ಬಂದಾಗ ಯಾರನ್ನೂ ಅದರೊಳಗೆ ಇಳಿಸಬೇಡಿ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸಿ ಸ್ವಚ್ಛಗೊಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಅಪರಾಧವೆಂದು ಹೇಳಿದೆ. ಆ ಜೋಡಣೆಯನ್ನು ಒಳಚರಂಡಿ ನಿರ್ವಹಿಸುವ ಸಂಸ್ಥೆಯ ಮೇಲ್ವಿಚಾರಣೆಯಲ್ಲೇ ಮಾಡಿಸಬೇಕು.

ಸಂಜೆ ಕೆಲಸ ಬಿಡುವಾಗ ತೆರೆದ ಭಾಗವಿದ್ದರೆ ಸುತ್ತ ಗಟ್ಟಿಯಾದ ಬೇಲಿ, ರಾತ್ರಿ ಕಾಣುವ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಬೇಕು. ಎರಡು ಕೋಲು ನೆಟ್ಟು ಕಟ್ಟಿದ ರಿಬ್ಬನ್ನು ಮಗುವನ್ನೂ ದನವನ್ನೂ ಬೈಕ್ ಸವಾರನನ್ನೂ ತಡೆಯಲಾರದು. ಮನೆಗಳಿಗೆ ಹೋಗಿಬರಲು ಹಿಡಿದುಕೊಳ್ಳಲು ಕಟಾಂಜನವಿರುವ ಹಲಗೆಯ ಕಾಲುಸೇತುವೆ ಹಾಕಿಕೊಡಿ.

ಕುಸಿದುಬಿಟ್ಟರೆ

ಮೊದಲ ಕರೆ 112ಕ್ಕೆ, ಆಂಬುಲೆನ್ಸಿಗೆ 108. ಹೂತವನ ಜೊತೆಗಾರರು ಕೂಡಲೇ ಧುಮುಕುತ್ತಾರೆ. ಅದು ಸಹಜ, ಆದರೆ ಮೊದಲ ಕುಸಿತದ ನಂತರ ಮೇಲಿನ ಮಣ್ಣು ಆಧಾರವಿಲ್ಲದೆ ನೇತಾಡುತ್ತಿರುತ್ತದೆ ಮತ್ತು ಎರಡನೆಯ ಕುಸಿತ ರಕ್ಷಿಸಲು ಹೋದವರ ಮೇಲೇ ಬೀಳುತ್ತದೆ. ಯಂತ್ರಗಳನ್ನು ನಿಲ್ಲಿಸಿ, ರಸ್ತೆಯ ವಾಹನಗಳನ್ನು ತಡೆದು, ಅಂಚಿನಲ್ಲಿ ಗುಂಪುಗೂಡಿದವರನ್ನು ದೂರ ಸರಿಸಿ. ಎಷ್ಟು ಜನ ಒಳಗಿದ್ದರು, ಕೊನೆಯದಾಗಿ ಎಲ್ಲಿ ಕಂಡರು ಎಂದು ಗುರುತಿಡಿ. ಹಲಗೆ ಮತ್ತು ಜಾಕಿಗಳಿಂದ ಎರಡೂ ಬದಿಗೆ ಆಸರೆ ಕೊಟ್ಟುಕೊಂಡೇ ಹತ್ತಿರ ಹೋಗಿ, ಮುಖ ಮತ್ತು ಎದೆಯ ಮೇಲಿನ ಮಣ್ಣನ್ನು ಮೊದಲು ಕೈಯಿಂದ, ಬಾಂಡ್ಲಿಯಿಂದ ತೆಗೆಯಬೇಕು. ಜೆಸಿಬಿ ಬಕೆಟ್ಟಿನಿಂದ ಹುಡುಕಬೇಡಿ. ಹಗ್ಗ ಕಟ್ಟಿ ಎಳೆಯಲೂಬೇಡಿ, ಅರ್ಧ ಹೂತ ದೇಹವನ್ನು ಮಣ್ಣು ಬಿಡುವುದಿಲ್ಲ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಹೊರಬಂದವನು ಎದ್ದು ಕೂತು ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕಳುಹಿಸಲೇಬೇಕು, ಏಕೆಂದರೆ ಜಜ್ಜಿಹೋದ ಸ್ನಾಯುಗಳ ದುಷ್ಪರಿಣಾಮ ಮೂತ್ರಪಿಂಡಗಳ ಮೇಲೆ ತಡವಾಗಿ ಕಾಣಿಸಿಕೊಳ್ಳುತ್ತದೆ.

ಮುಚ್ಚುವುದು

ಪೈಪಿನಡಿ 10ರಿಂದ 15 ಸೆಂಟಿಮೀಟರ್ ಮರಳು ಹಾಸಿ, ಇಳಿಜಾರನ್ನು ದಾರ ಮತ್ತು ಲೆವೆಲ್ ಪೈಪಿನಿಂದ ನೋಡಿಕೊಂಡು ಪೈಪು ಕೂರಿಸಿ. ಮುಚ್ಚುವ ಮೊದಲೇ ನೀರು ತುಂಬಿಸಿ ಸೋರಿಕೆ ಪರೀಕ್ಷಿಸಿ. ಮುಚ್ಚಿದ ಮೇಲೆ ಸೋರಿಕೆ ಕಂಡರೆ ಮತ್ತೆ ಅಗೆಯಬೇಕಾಗುವುದು ಸಡಿಲ ಮಣ್ಣನ್ನೇ. ಆಸರೆ ತೆಗೆಯುವುದು ಕಟ್ಟಿದ್ದಕ್ಕೆ ತಿರುವುಮುರುವಾಗಿ, ಕೆಳಗಿನ ಸಾಲಿನಿಂದ ಮೇಲಕ್ಕೆ: ಕೆಳಗೆ ಮಣ್ಣು ತುಂಬಿ, ಧಮ್ಮಸು ಮಾಡಿ, ಆ ಮಣ್ಣೇ ಗೋಡೆಗಳನ್ನು ಹಿಡಿದುಕೊಂಡ ಮೇಲೆ ಆ ಎತ್ತರದ ಕಂಬ ಬಿಚ್ಚಬೇಕು. ಒಂದು ತುದಿಯಿಂದ ಆರಂಭಿಸಿ ಕ್ರಮವಾಗಿ ಇನ್ನೊಂದು ತುದಿಗೆ ಸಾಗಬೇಕು. ಹಲಗೆಗಳನ್ನು ಉಳಿಸುವ ಆತುರದಲ್ಲಿ ಎಲ್ಲವನ್ನೂ ಒಮ್ಮೆಗೇ ಕಿತ್ತುಕೊಳ್ಳುವ ಗಳಿಗೆಯಲ್ಲೂ ಕುಸಿತವಾಗುತ್ತದೆ.

ಮಣ್ಣನ್ನು 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ ತುಂಬಿ, ತೇವ ಮಾಡಿ, ಪ್ರತಿ ಪದರವನ್ನೂ ಧಮ್ಮಸು ಮಾಡಿ. ಪೈಪಿನ ಮೇಲೆ ಸುಮಾರು ಒಂದು ಅಡಿ ಎತ್ತರದಲ್ಲಿ ಎಚ್ಚರಿಕೆಯ ಟೇಪು ಹಾಸಿ, ಮುಂದೊಮ್ಮೆ ಅಲ್ಲಿ ಅಗೆಯುವವರ ಕಣ್ಣಿಗೆ ಅದು ಪೈಪಿಗಿಂತ ಮೊದಲು ಬೀಳಲಿ. ಮೊದಲ ಜೋರು ಮಳೆಯಾದ ಮರುದಿನ ಸಾಲಿನ ಉದ್ದಕ್ಕೂ ನಡೆದು ನೋಡಿ, ನೆಲ ಕುಗ್ಗಿದ ಕಡೆ ಮತ್ತೆ ಮಣ್ಣು ತುಂಬಿಸಿ ಧಮ್ಮಸು ಮಾಡಿಸಿ. ಗುತ್ತಿಗೆದಾರರ ಕೊನೆಯ ಬಿಲ್ಲನ್ನು ಅಲ್ಲಿಯವರೆಗೆ ತಡೆಹಿಡಿಯುವ ಷರತ್ತನ್ನು ಕರಾರಿನಲ್ಲೇ ಬರೆಸಿಕೊಂಡಿರಬೇಕು.